ಎನ್‌ಡಿಎಗೆ ತಯಾರಿ: ಅರ್ಜಿಯಿಂದ ಹಿಡಿದು ಕಾಲಿನ ಮೂಳೆಯವರೆಗೆ

ಮೂರೂ ಪಡೆಗಳ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ, ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪಿಯುಸಿ ಮುಗಿಸಿದವರೂ ದ್ವಿತೀಯ ಪಿಯುಸಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ನಡೆಸುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು, ಮದುವೆಯಾಗಿರಬಾರದು. 2022ರಿಂದ ಹೆಣ್ಣುಮಕ್ಕಳೂ ಇಲ್ಲಿ ತರಬೇತಿ ಪಡೆಯುತ್ತಿದ್ದಾರೆ. ಕಲಾ, ವಾಣಿಜ್ಯ ವಿಭಾಗದವರಿಗೆ ಭೂಸೇನೆ ಮಾತ್ರ. ನೌಕಾಪಡೆ, ವಾಯುಪಡೆ ಬೇಕಿದ್ದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇರಬೇಕು.

ನಮ್ಮ ಕಡೆಯ ಹುಡುಗರಿಗೆ ಮೊದಲ ತೊಡಕು ಹೆಸರಿನದೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಿಯುಸಿಯಲ್ಲಿ ತಂದೆಯ ಪೂರ್ತಿ ಹೆಸರು. ಅರ್ಜಿಯಲ್ಲಿ ಹೆಸರು, ಹುಟ್ಟಿದ ದಿನ ಎರಡನ್ನೂ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದಂತೆಯೇ ತುಂಬಿ, ಆಧಾರ್ ತಿದ್ದುಪಡಿಯನ್ನು ಅಧಿಸೂಚನೆ ಬರುವ ಮುಂಚೆಯೇ ಮುಗಿಸಿಕೊಳ್ಳಿ. ಯಾವ ಪಡೆ ಮೊದಲು, ಯಾವುದು ನಂತರ ಎಂಬ ಕ್ರಮವನ್ನೂ ಯೋಚಿಸಿ ಬರೆಯಿರಿ. ಬರೆಯದೆ ಬಿಟ್ಟ ಪಡೆಗೆ ನಿಮ್ಮನ್ನು ಪರಿಗಣಿಸುವುದಿಲ್ಲ.

ಲಿಖಿತ ಪರೀಕ್ಷೆ 900 ಅಂಕದ್ದು. ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಒಂದೊಂದಕ್ಕೂ ಎರಡೂವರೆ ಗಂಟೆ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡ ಮಾಧ್ಯಮದವರು ಗಣಿತ, ವಿಜ್ಞಾನದ ಇಂಗ್ಲಿಷ್ ಪದಗಳನ್ನು ಪ್ರಥಮ ಪಿಯುಸಿಯಿಂದಲೇ ರೂಢಿಸಿಕೊಳ್ಳಬೇಕು. ಗಣಿತದಲ್ಲಿ 120 ಪ್ರಶ್ನೆ, ಅಂದರೆ ಒಂದಕ್ಕೆ 75 ಸೆಕೆಂಡ್. ಎಲ್ಲವನ್ನೂ ಮುಟ್ಟಲು ಹೋದವರೇ ಹೆಚ್ಚು ಅಂಕ ಕಳೆದುಕೊಳ್ಳುವುದು, ಏಕೆಂದರೆ ಪ್ರತಿ ತಪ್ಪಿಗೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ಲೆಕ್ಕ ಹಾಕಿ ನೋಡಿ: 50 ಪ್ರಶ್ನೆ ಮಾತ್ರ ಬಿಡಿಸಿ 40 ಸರಿಯಾದರೆ 100 ಅಂಕ, 10 ತಪ್ಪಿಗೆ 8.3 ಹೋಗಿ ಸುಮಾರು 92 ಉಳಿಯುತ್ತದೆ. ಇನ್ನೊಂದು ಪತ್ರಿಕೆಯ 150ರಲ್ಲಿ 90 ಬರೆದು 65 ಸರಿಯಾದರೆ ಸುಮಾರು 227. ಎರಡೂ ಸೇರಿ 318ರ ಆಸುಪಾಸು. ಇತ್ತೀಚಿನ ವರ್ಷಗಳಲ್ಲಿ ಕಟ್‌ಆಫ್ ಓಡಾಡಿರುವುದು ಹೆಚ್ಚಾಗಿ 290ರಿಂದ 360ರ ನಡುವೆ. ಜೊತೆಗೆ ಪ್ರತಿ ಪತ್ರಿಕೆಗೂ ಕನಿಷ್ಠ ಅಂಕವಿದೆ, ಹಾಗಾಗಿ ಗಣಿತವನ್ನು ಪೂರ್ತಿ ಕೈಬಿಟ್ಟರೆ ನಡೆಯದು.

ಫಲಿತಾಂಶದಲ್ಲಿ ನಿಮ್ಮ ನಂಬರ್ ಇದ್ದರೆ ಎರಡು ವಾರದೊಳಗೆ ಭೂಸೇನೆಯ ನೇಮಕಾತಿ ವೆಬ್‌ಸೈಟ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಮೊದಲ ಆಯ್ಕೆ ನೌಕಾಪಡೆಯೋ ವಾಯುಪಡೆಯೋ ಆಗಿದ್ದರೂ ಅಷ್ಟೇ. ಇದನ್ನು ಮರೆತರೆ ಎಸ್‌ಎಸ್‌ಬಿ, ಅಂದರೆ ಸೇನಾ ಆಯ್ಕೆ ಮಂಡಳಿಯ ಪರೀಕ್ಷೆ ಮತ್ತು ಸಂದರ್ಶನಕ್ಕೆ ಕರೆ ಬರುವುದಿಲ್ಲ.

ಎಸ್‌ಎಸ್‌ಬಿಗೂ 900 ಅಂಕ. ಬೆಂಗಳೂರಿನಲ್ಲಿ ಆಯ್ಕೆ ಕೇಂದ್ರವಿದೆ, ವಾಯುಪಡೆಯದು ಮೈಸೂರಿನಲ್ಲೂ ಇದೆ. ಐದು ದಿನದ ಈ ಪರೀಕ್ಷೆಯಲ್ಲಿ ಮೊದಲ ದಿನವೇ ಬಹಳಷ್ಟು ಜನರನ್ನು ವಾಪಸ್ ಕಳಿಸುತ್ತಾರೆ. ಉಳಿದವರನ್ನು ಮನೋವಿಜ್ಞಾನಿ, ಗುಂಪು ಪರೀಕ್ಷೆಯ ಅಧಿಕಾರಿ, ಸಂದರ್ಶನ ಅಧಿಕಾರಿ ಈ ಮೂವರೂ ಬೇರೆ ಬೇರೆಯಾಗಿ ಅಳೆದು ಕೊನೆಯ ದಿನ ಒಟ್ಟಿಗೆ ಕೂರುತ್ತಾರೆ. ಉರುಹೊಡೆದ ಉತ್ತರ ಸಿಕ್ಕಿಬೀಳುವುದು ಇಲ್ಲೇ. ಪದ ನೋಡಿ ತಕ್ಷಣ ವಾಕ್ಯ ಬರೆಯುವ ಪದ ಪರೀಕ್ಷೆಯಲ್ಲಿ 60 ಪದ, ಒಂದೊಂದಕ್ಕೆ 15 ಸೆಕೆಂಡ್. ‘ಸೋಲು’ ಎಂಬ ಪದ ಬಂದಾಗ ‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಬರೆದರೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ‘ಸೋತ ತಂಡ ಪಂದ್ಯದ ವಿಡಿಯೊ ನೋಡಿ ಫೀಲ್ಡಿಂಗ್ ಬದಲಿಸಿಕೊಂಡಿತು’ ಎಂದರೆ ಕೆಲಸ ಮಾಡುವ ಮನಸ್ಸು ಕಾಣುತ್ತದೆ. ಮನೆಯಲ್ಲಿ ದಿನಕ್ಕೆ 20 ಪದ ಗಡಿಯಾರ ಇಟ್ಟುಕೊಂಡು ಬರೆಯಿರಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು. ಆದರೆ ಗುಂಪು ಚರ್ಚೆಯಲ್ಲಿ ಬಾಯಿಬಿಡದೆ ಕೂತರೆ ಅಂಕ ಕೊಡಲು ಅಧಿಕಾರಿಗೆ ಆಧಾರವೇ ಇರುವುದಿಲ್ಲ.

ವೈದ್ಯಕೀಯ ಪರೀಕ್ಷೆಗೆ ಮುಂಚೆ ಕಿವಿಯ ಗುಗ್ಗೆಯನ್ನು ವೈದ್ಯರಲ್ಲಿ ತೆಗೆಸಿ, ಹುಳುಕು ಹಲ್ಲಿಗೆ ಚಿಕಿತ್ಸೆ ಮಾಡಿಸಿ, ಎತ್ತರಕ್ಕೆ ತಕ್ಕ ತೂಕವಿದೆಯೇ ನೋಡಿಕೊಳ್ಳಿ. ಕನ್ನಡಕ ಬಿಡಲು ಕಣ್ಣಿನ ಆಪರೇಷನ್‌ಗೆ ಓಡುವ ಮುನ್ನ ಅಧಿಸೂಚನೆಯಲ್ಲಿರುವ ಮಾನದಂಡ ಓದಿ. ಹಚ್ಚೆ ಹಾಕಿಸಿಕೊಳ್ಳಲೇಬೇಡಿ.

ಇನ್ನು ದೇಹದ ತಯಾರಿ. ಹೆಚ್ಚಿನವರು ಕಡೆಗಣಿಸುವುದು ಇದನ್ನೇ, ಎಷ್ಟು ಹೇಳಿದರೂ ಸಾಲದು. ಸೇರುವ ಮುಂಚೆ 2.4 ಕಿಲೋಮೀಟರ್ ಅನ್ನು 15 ನಿಮಿಷದಲ್ಲಿ ಓಡುವುದು, 20 ಪುಷ್‌ಅಪ್, 20 ಸಿಟ್‌ಅಪ್, 8 ಚಿನ್‌ಅಪ್, 3ರಿಂದ 4 ಮೀಟರ್ ಹಗ್ಗ ಹತ್ತುವುದು, ಇಷ್ಟನ್ನು ರೂಢಿಸಿಕೊಳ್ಳಿ ಎಂದು ಅಧಿಸೂಚನೆಯೇ ಹೇಳುತ್ತದೆ. ಇದು ಕನಿಷ್ಠ ಮಟ್ಟ. ನಾಲ್ಕು ತಿಂಗಳು ಮುಂಚೆ ಶುರುಮಾಡಿ. ಟಾರು ರಸ್ತೆ ಬಿಟ್ಟು ಮಣ್ಣಿನ ಮೈದಾನದಲ್ಲಿ ವಾರಕ್ಕೆ ನಾಲ್ಕು ದಿನ ಓಡಿ, ಒಟ್ಟು ದೂರವನ್ನು ವಾರವಾರ ನೂರಕ್ಕೆ ಹತ್ತರಷ್ಟು ಮಾತ್ರ ಏರಿಸಿ. ಉಸಿರು ಬೇಗ ಪಳಗುತ್ತದೆ, ಮೂಳೆ ಪಳಗಲು ತಿಂಗಳುಗಳೇ ಬೇಕು. ಆರಾಮ ಅನ್ನಿಸಿತೆಂದು ದೂರ ಹೆಚ್ಚಿಸಿದವರಿಗೆ ಮೊಣಕಾಲ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಒಳಬದಿಯ ಅಂಚಿನಲ್ಲಿ ನೋವು ಶುರುವಾಗುತ್ತದೆ. ಹೆಬ್ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತಿ ನೋಡಿ. ಗೇಣುದ್ದ ನೋವು ಹರಡಿದ್ದರೆ ಓಟ ಕಡಿಮೆ ಮಾಡಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ನಾಣ್ಯದಷ್ಟು ಜಾಗದಲ್ಲಿ ಚುಚ್ಚಿದಂತೆ ನೋಯುತ್ತಿದ್ದರೆ ಅದು ಮೂಳೆಯ ಬಿರುಕಿರಬಹುದು; ಓಟ ನಿಲ್ಲಿಸಿ, ಅಂದೇ ಮೂಳೆ ವೈದ್ಯರ ಬಳಿ ಹೋಗಿ.

ಚಿನ್‌ಅಪ್ ಒಂದೂ ಬಾರದಿದ್ದರೆ ಸ್ಟೂಲ್ ಹತ್ತಿ ಗಲ್ಲವನ್ನು ಕಂಬಿಯ ಮೇಲಿಟ್ಟು, ಐದು ಎಣಿಸುತ್ತಾ ನಿಧಾನ ಇಳಿಯಿರಿ. ಹೀಗೆ ಐದು ಸಲ, ದಿನ ಬಿಟ್ಟು ದಿನ. ಈಜನ್ನು ಕೊಳದಲ್ಲಿ ತರಬೇತುದಾರರಿಂದ ಈಗಲೇ ಕಲಿಯಿರಿ. ಅಲ್ಲಿಗೆ ಹೋದಮೇಲೆ ಕಲಿಯುತ್ತೇನೆ ಎಂದರೆ ಉಳಿದವರು ವಿಶ್ರಮಿಸುವ ಹೊತ್ತಿನಲ್ಲಿ ನೀವು ನೀರಿನಲ್ಲಿರಬೇಕಾದೀತು.

ಅಕಾಡೆಮಿಯ ಮೊದಲ ಟರ್ಮ್‌ನಲ್ಲಿ (ಆರು ತಿಂಗಳ ತರಬೇತಿ ಅವಧಿ) ನಿದ್ದೆ ಕಡಿಮೆ, ಓಟ ಜಾಸ್ತಿ. ಗಾಯವಾಗಿ ತುಂಬ ದಿನ ತರಬೇತಿ ತಪ್ಪಿದವರನ್ನು ಹಿಂದಿನ ಟರ್ಮ್‌ಗೆ ಇಳಿಸಬಹುದು. ಬೆಳಿಗ್ಗೆ ಐದಕ್ಕೆ ಏಳುವುದು, ಬಟ್ಟೆ ತಾವೇ ಇಸ್ತ್ರಿ ಮಾಡುವುದು, ಬೂಟಿಗೆ ಪಾಲಿಶ್ ಹಚ್ಚಿ ಉಜ್ಜುವುದು ಮನೆಯಲ್ಲೇ ಅಭ್ಯಾಸವಾಗಲಿ. ಹೊರಡುವ ಕೊನೆಯ ವಾರ ಓಟವನ್ನು ಅರ್ಧಕ್ಕಿಳಿಸಿ, ಕಾಲುಗಳಿಗೆ ಬಿಡುವು ಕೊಟ್ಟು ಹೋಗಿ.