ಆನೆಯ ಮಾತು ಕೇಳುವ ಹುಡುಗಿ: ಕೊಡಗಿನ ಕಾದಂಬರಿಗೆ ನಾನು ಹಾಕಿದ ಲೆಕ್ಕ

ಹತ್ತನೇ ತರಗತಿಯ ಹುಡುಗಿ. ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಆಳುಗಳಿಗೆಂದು ಸಾಲಾಗಿ ಕಟ್ಟಿದ ಮನೆಯಲ್ಲಿ, ವಾಸ. ಒಂದು ಜ್ವರ ಇಳಿದ ಮೇಲೆ ಅವಳಿಗೆ ಆನೆಗಳ ಗುಡುಗುಟ್ಟುವ ಮಾತು ಕೇಳಿಸತೊಡಗುತ್ತದೆ. ಈ ವಿಜ್ಞಾನ ಕಾದಂಬರಿಗೆ ಒಂದು ಅಧ್ಯಾಯವನ್ನೂ ಬರೆಯುವ ಮೊದಲು ನಾನು ಆ ಶಕ್ತಿಯ ಅಳತೆಯನ್ನು ಒಂದು ಪುಟದಲ್ಲಿ ಬರೆದಿಟ್ಟೆ. ಅಳತೆಯಿಲ್ಲದ ಶಕ್ತಿ ಕಥೆಗೆ ಬೇಕಾದಾಗಲೆಲ್ಲ ಬೆಳೆಯುತ್ತದೆ, ಹತ್ತನೇ ಅಧ್ಯಾಯ ದಾಟುವಷ್ಟರಲ್ಲಿ ಹುಡುಗಿಗೆ ಸೋಲೇ ಇರುವುದಿಲ್ಲ.

ಅಳತೆ ಹೀಗಿದೆ. ಏಷ್ಯಾದ ಆನೆಗಳ ಈ ಕರೆ ಸೆಕೆಂಡಿಗೆ 14ರಿಂದ 24 ಕಂಪನದ್ದು, ಒಂದೊಂದು ಕರೆ 10-15 ಸೆಕೆಂಡ್ ಇರುತ್ತದೆ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಪ್ರಾಣಿಗಳ ಸದ್ದಿನ ಸಂಶೋಧಕಿ ಕೇಟಿ ಪೇನ್ ಇದನ್ನು ಮೊದಲು ಗುರುತಿಸಿದರು. ಒಂದು ಮೀಟರ್ ದೂರದಲ್ಲಿ ಕರೆಯ ಜೋರು 85-90 ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ). ದೂರ ಇಮ್ಮಡಿಯಾದಂತೆ 6 ಡೆಸಿಬಲ್ ಕಳೆಯುತ್ತ ಹೋದರೆ ಒಂದು ಕಿಲೋಮೀಟರ್ ಆಚೆ ಉಳಿಯುವುದು ಹೆಚ್ಚೆಂದರೆ 30. ನಮ್ಮ ಕಿವಿಗೆ 20 ಕಂಪನದ ಸದ್ದು ಕೇಳಬೇಕಾದರೆ ಸುಮಾರು 78 ಡೆಸಿಬಲ್ ಬೇಕು. ನಡುವಿನ ಈ 48 ಡೆಸಿಬಲ್ಲನ್ನು ಹುಡುಗಿಯ ಕಿವಿ ದಾಟುತ್ತದೆ ಎಂಬುದೇ ನಾನು ಹೇಳುವ ಏಕೈಕ ಸುಳ್ಳು. ಅದರಾಚೆ ಎಲ್ಲವೂ ಭೌತಶಾಸ್ತ್ರದ ಪ್ರಕಾರ ನಡೆಯಬೇಕು.

ಕಥೆಯ ಬಿಗಿ ಹುಟ್ಟಿದ್ದು ಇಲ್ಲಿಂದಲೇ. 17 ಕಂಪನದ ಅಲೆಯ ಉದ್ದ ಸುಮಾರು 20 ಮೀಟರ್, ಹುಡುಗಿಯ ಎರಡು ಕಿವಿಗಳ ನಡುವೆ ಇರುವುದು ಒಂದು ಗೇಣು. ಎರಡೂ ಕಿವಿಗೆ ಸದ್ದು ಒಂದೇ ಸಮನಾಗಿ ಬೀಳುತ್ತದೆ, ದಿಕ್ಕು ತಿಳಿಯುವುದಿಲ್ಲ. ನಡೆದು ನೋಡಿದರೆ? ಕರೆ ಮುಗಿಯುವಷ್ಟರಲ್ಲಿ ಅವಳು 15 ಮೀಟರ್ ನಡೆದಿರುತ್ತಾಳೆ; ಅರ್ಧ ಕಿಲೋಮೀಟರ್ ಆಚೆಯ ಸದ್ದಿನಲ್ಲಿ ಅಷ್ಟಕ್ಕೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಹಾಗಾಗಿ ಬೆಳಗ್ಗೆ ಆಳುಗಳು ಕೆಲಸಕ್ಕೆ ಹೊರಡುವಾಗ ಅವಳು ಓಡಿ ಬಂದು ಹೇಳಬಹುದಾದದ್ದು ಇಷ್ಟೇ:

"ಸಾರ್, ಆನೆ ಉಂಟು."

"ಎಲ್ಲಿ ಉಂಟು?" ಎನ್ನುತ್ತಾರೆ ತೋಟದ ಲೆಕ್ಕ ನೋಡುವ ರೈಟರ್.

ಅವಳ ಬಳಿ ಉತ್ತರವಿಲ್ಲ. ಕೆಲಸ ನಿಲ್ಲಿಸಿದರೆ ಎಲ್ಲರ ಒಂದು ದಿನದ ಕೂಲಿ ಹೋಗುತ್ತದೆ, ಅವಳ ಅಮ್ಮನದೂ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯವಾದ ಜಾಗ ಇದು.

ಹಿಂಡಿನ ಹೆಣ್ಣಾನೆಗಳಷ್ಟು ಸಲಗ ಮಾತಾಡುವುದಿಲ್ಲ ಎಂಬುದೂ ಜೊತೆಗಿದೆ. ತೋಟದ ಜನ ಹೆಚ್ಚು ಹೆದರುವ ಒಂಟಿ ಸಲಗವೇ ಅವಳ ಕಿವಿಗೆ ಸಿಗದು.

ಅವಳನ್ನು ಯಾರೂ ನಂಬದಿರಲು ಖಳನಾಯಕ ಬೇಕಿಲ್ಲ. ಮಡಿಕೇರಿಯಲ್ಲಿ ಕಿವಿ ಪರೀಕ್ಷೆ ಮಾಡಿಸಿದರೂ ಯಂತ್ರ ಸಾಮಾನ್ಯವಾಗಿ 250ರಿಂದ 8000 ಕಂಪನದವರೆಗೆ ಅಳೆಯುತ್ತದೆ, ವರದಿ 'ಸರಿಯಿದೆ' ಎಂದೇ ಬರುತ್ತದೆ. ಮೊಬೈಲಿನ ರೆಕಾರ್ಡಿಂಗ್ ಸಾಕ್ಷಿಯಾಗದು. ಅದು ಮನುಷ್ಯರ ಮಾತಿಗೆಂದು ಮಾಡಿದ್ದು. ಇಷ್ಟು ಕಡಿಮೆ ಕಂಪನದ ಸದ್ದು ಹಿಡಿಯುವ ಮೈಕ್ ಬೇಕು, ಆಮೇಲೆ ಹತ್ತು ಪಟ್ಟು ವೇಗದಲ್ಲಿ ನುಡಿಸಬೇಕು: 17 ಹೋಗಿ 170 ಆಗುತ್ತದೆ, 15 ಸೆಕೆಂಡಿನ ಕರೆ ಒಂದೂವರೆ ಸೆಕೆಂಡಿಗೆ ಇಳಿಯುತ್ತದೆ, ಎಲ್ಲರಿಗೂ ಕೇಳುತ್ತದೆ. ಸಂಶೋಧಕಿಯೊಬ್ಬಳ ಪಾತ್ರ ಬಂದದ್ದು ಈ ಮೈಕಿಗಾಗಿ.

ಅಧ್ಯಾಯಗಳನ್ನು ಜೋಡಿಸಲು ನಾನು ತೋಟದ ಕ್ಯಾಲೆಂಡರನ್ನೇ ಗೋಡೆಗೆ ಹಾಕಿ, ಪ್ರತಿ ತಿಂಗಳಿಗೂ ಮೂರು ಸಾಲು ಬರೆದೆ: ತೋಟದಲ್ಲಿ ಯಾವ ಕೆಲಸ, ಆನೆಗೆ ಯಾವ ಮೇವು, ಗಾಳಿ ಹೇಗೆ. ಡಿಸೆಂಬರಿನ ತಿಳಿಯಾದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ ಸದ್ದು ಮೇಲಿನಿಂದ ಬಾಗಿ ಮತ್ತೆ ಕೆಳಗೆ ಬರುತ್ತದೆ, ದೂರ ಸಾಗುತ್ತದೆ. ಅವಳಿಗೆ ಮೊದಲ ಕರೆ ಕೇಳಿಸುವುದು ಆಗ. ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೊಬಸ್ಟಾ ಕಾಫಿಗೆ ಕೆರೆಯಿಂದ ಪಂಪ್ ಮಾಡಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಪಂಪಿನ ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಡೀಸೆಲ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ, ಅಂದರೆ ಸೆಕೆಂಡಿಗೆ 12.5 ಕಂಪನ; ಅದರ ಇಮ್ಮಡಿ 25ರ ಸದ್ದೂ ಜೊತೆಗಿರುತ್ತದೆ. ಆನೆಯ ಕರೆ ಇವೆರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಕೆರೆಯ ಪಂಪ್ ಓಡುವಷ್ಟು ಹೊತ್ತೂ ಅವಳಿಗೆ ತಲೆನೋವು, ಎದುರಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ.

ಕೊನೆಯ ಭಾಗವನ್ನು ಜುಲೈಗೆ ಇಟ್ಟೆ. ಆ ಹೊತ್ತಿಗೆ ಹಲಸಿನ ವಾಸನೆಗೆ ಆನೆಗಳು ಲೈನ್ ಮನೆಯ ಹಿಂದೆಯೇ ಬಂದಿರುತ್ತವೆ. ಮುಂಗಾರಿನ ಗಾಳಿಯ ಸದ್ದೂ 20 ಕಂಪನದ ಕೆಳಗೆ ತುಂಬಿರುತ್ತದೆ, ಕರೆ ಅದರಲ್ಲಿ ಮುಳುಗಿಹೋಗುತ್ತದೆ. ಆನೆ ಅತಿ ಹತ್ತಿರ ಇರುವ ತಿಂಗಳಲ್ಲೇ ಕಿವಿ ಕೈಕೊಡುತ್ತದೆ. ಅಲ್ಲಿ ಅವಳು ನೆಚ್ಚಬೇಕಾದದ್ದು ಲದ್ದಿಯ ಬಿಸಿ, ಮುರಿದ ಕಾಫಿ ಗಿಡ, ನಾಯಿಯ ಬೊಗಳು, ಅಂದರೆ ಅಮ್ಮನಿಗೆ ಮೊದಲಿನಿಂದಲೂ ಗೊತ್ತಿದ್ದ ಗುರುತುಗಳು. ಇವನ್ನು ಎರಡನೇ ಅಧ್ಯಾಯದಲ್ಲೇ ಅಮ್ಮನ ಬಾಯಲ್ಲಿ, ಕೆಲಸದ ಮಾತಿನ ನಡುವೆ, ಹೇಳಿಸಿಡಬೇಕು. ಕೊನೆಯಲ್ಲಿ ಹೊಸದಾಗಿ ತಂದರೆ ಓದುಗರು ಒಪ್ಪುವುದಿಲ್ಲ.

ಡೆಸಿಬಲ್ಲಿನ ಲೆಕ್ಕ ಒಂದೂ ಪುಸ್ತಕದೊಳಗೆ ಹೋಗಿಲ್ಲ. ಸಂಶೋಧಕಿ ಮಾತಾಡುವಲ್ಲೂ ಒಮ್ಮೆಗೆ ಮೂರು ವಾಕ್ಯಕ್ಕಿಂತ ಹೆಚ್ಚು ವಿಜ್ಞಾನ ಬೇಡವೆಂದು ಕಟ್ಟುಹಾಕಿದ್ದೇನೆ; ನಾಲ್ಕನೆಯದು ಬೇಕೇಬೇಕು ಅನ್ನಿಸಿದರೆ ಹುಡುಗಿ ನಡುವೆ ಪ್ರಶ್ನೆ ಕೇಳುತ್ತಾಳೆ.