ಕಾನ್ಫರೆನ್ಸ್‌ಗೆ ಕಳಿಸಿ ಅಂತ ಎರಡು ಸಲ ಕೇಳಿದೆ

ಮೊದಲ ಸಲ ನಾನು ಕೇಳಿದ್ದು ಒಂದೇ ಸಾಲಿನಲ್ಲಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರ ಕಾನ್ಫರೆನ್ಸ್ ಒಂದರ ಲಿಂಕ್ ಕಳಿಸಿ, ಕೆಳಗೆ "ತುಂಬಾ ಚೆನ್ನಾಗಿರುತ್ತಂತೆ, ನಾನು ಹೋಗಬಹುದಾ?" ಅಂತ ಬರೆದೆ. ಮ್ಯಾನೇಜರ್ ಎರಡು ದಿನ ಬಿಟ್ಟು ಉತ್ತರ ಕೊಟ್ಟರು. "ಈ ಸಲ ಬೇಡ, ಮುಂದಿನ ವರ್ಷ ನೋಡೋಣ."

ತುಂಬಾ ಬೇಜಾರಾಯಿತು. ಡೇಟಾಬೇಸ್ ನೋಡಿಕೊಳ್ಳುವುದು ಒಂಟಿ ಕೆಲಸ. ಹತ್ತಾರು ಡೆವಲಪರ್‌ಗಳು ಇರುವ ಕಡೆಯೂ ಈ ಕೆಲಸಕ್ಕೆ ಒಬ್ಬರೋ ಇಬ್ಬರೋ ಇರುತ್ತಾರೆ. ನನ್ನ ಹಾಗೇ ರಾತ್ರಿ ಎದ್ದು ಕೂತು ಇದೇ ತೊಂದರೆಗಳನ್ನು ಬಿಡಿಸುವ ಜನರ ಜೊತೆ ಎರಡು ದಿನ ಕಳೆಯಬೇಕು ಅನ್ನುವ ಆಸೆ ವರ್ಷಗಳಿಂದ ಇತ್ತು. ಆದರೆ ಆ ಒಂದು ಸಾಲಿನಲ್ಲಿ ಅದು ಯಾವುದೂ ಇರಲಿಲ್ಲ.

ಮುಂದಿನ ವರ್ಷ, 2023ರಲ್ಲಿ, ಅದೇ ಮ್ಯಾನೇಜರ್ ಒಪ್ಪಿದರು. ಮಧ್ಯದಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಬೇಡ ಅಂದು ಕೆಲವು ವಾರ ಆದಮೇಲೆ, ನಮ್ಮಿಬ್ಬರ ಮಾಮೂಲಿ ಮಾತುಕತೆಯ ಕೊನೆಯಲ್ಲಿ ನೇರವಾಗಿ ಕೇಳಿದೆ. "ಹೋದ ಸಲ ಯಾಕೆ ಬೇಡ ಅಂದ್ರಿ? ತಿಳ್ಕೊಳ್ಳೋಕೆ ಕೇಳ್ತಿದೀನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಂಗೇನೂ ತೊಂದರೆ ಇರ್ಲಿಲ್ಲ. ಮೇಲಿನವರು ಯಾಕೆ ಅಂತ ಕೇಳಿದ್ರೆ ಹೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ."

ಆ ಮಾತು ನನಗೆ ಬಹಳ ಕೆಲಸಕ್ಕೆ ಬಂತು. ಅಲ್ಲಿಯವರೆಗೆ ಒಪ್ಪುವವರು, ಬಿಡುವವರು ಎಲ್ಲ ಅವರೇ ಅಂದುಕೊಂಡಿದ್ದೆ. ಅವರೂ ಇನ್ನೊಬ್ಬರನ್ನು ಕೇಳಬೇಕು. ಅಂದರೆ ನಾನು ಬರೆಯುವ ಪತ್ರವನ್ನು ಓದುವವರು ಇಬ್ಬರು. ಎರಡನೆಯವರಿಗೆ ನಾನು ಯಾರು ಅನ್ನುವುದೇ ಸರಿಯಾಗಿ ಗೊತ್ತಿರುವುದಿಲ್ಲ.

ಆ ಹೊತ್ತಿಗೆ ನಮ್ಮ ಮ್ಯಾನೇಜರ್ ತಲೆ ತಿನ್ನುತ್ತಿದ್ದ ವಿಷಯ ಒಂದಿತ್ತು. ನಮ್ಮ ದೊಡ್ಡ ಡೇಟಾಬೇಸ್ ಪೋಸ್ಟ್‌ಗ್ರೆಸ್ 11ರಲ್ಲಿ ಓಡುತ್ತಿತ್ತು. ಪೋಸ್ಟ್‌ಗ್ರೆಸ್‌ನ ಪ್ರತಿ ಮುಖ್ಯ ಆವೃತ್ತಿಗೆ 5 ವರ್ಷ ಬೆಂಬಲ ಇರುತ್ತದೆ. 11 ಬಂದದ್ದು 2018ರ ಅಕ್ಟೋಬರ್‌ನಲ್ಲಿ, ಬೆಂಬಲ ಮುಗಿಯಲಿದ್ದದ್ದು 2023ರ ನವೆಂಬರ್‌ನಲ್ಲಿ. ಆಮೇಲೆ ಭದ್ರತೆಯ ಪ್ಯಾಚ್ ಕೂಡ ಬರುವುದಿಲ್ಲ. ಪ್ರತಿ ತಿಂಗಳ ಮೀಟಿಂಗ್‌ನಲ್ಲಿ "ಅಪ್‌ಗ್ರೇಡ್ ಎಲ್ಲಿಗೆ ಬಂತು?" ಅಂತ ಅವರನ್ನು ಕೇಳುತ್ತಿದ್ದರು. ಅವರು ಬಂದು ನನ್ನನ್ನು ಕೇಳುತ್ತಿದ್ದರು.

ಅಪ್‌ಗ್ರೇಡ್‌ಗೆ ನಮ್ಮ ಮುಂದೆ ಎರಡು ದಾರಿ. ಡೇಟಾಬೇಸ್ ನಿಲ್ಲಿಸಿ, ಹೊಸ ಆವೃತ್ತಿಗೆ ಬದಲಾಯಿಸಿ, ಎಲ್ಲ ಸರಿ ಇದೆಯಾ ನೋಡಿ ಮತ್ತೆ ತೆರೆಯುವುದು ಒಂದು. ಪಕ್ಕದಲ್ಲೇ ಹೊಸದನ್ನು ನಿಲ್ಲಿಸಿ, ಲಾಜಿಕಲ್ ರೆಪ್ಲಿಕೇಶನ್‌ನಿಂದ (ಹಳೆಯದರ ಟೇಬಲ್‌ಗಳಲ್ಲಿ ಆಗುವ ಬದಲಾವಣೆಯನ್ನು ಹೊಸದಕ್ಕೂ ನಕಲು ಮಾಡುತ್ತಾ ಹೋಗುವ ವ್ಯವಸ್ಥೆ) ಎರಡನ್ನೂ ಒಟ್ಟಿಗೆ ಓಡಿಸಿ, ಕೊನೆಯ ಕೆಲವು ನಿಮಿಷದಲ್ಲಿ ಆ ಕಡೆ ಹೋಗುವುದು ಇನ್ನೊಂದು. ನಮಗೆ ಬೇಕಿದ್ದದ್ದು ಎರಡನೆಯದು. ಅದನ್ನು ನಮ್ಮಲ್ಲಿ ಯಾರೂ ಮಾಡಿರಲಿಲ್ಲ.

ಕಾನ್ಫರೆನ್ಸ್‌ನ ಕಾರ್ಯಕ್ರಮ ಪಟ್ಟಿ ಹೊರಬಂದ ದಿನ ನಾನು ಎರಡು ಗಂಟೆ ಅದರ ಮುಂದೆಯೇ ಕೂತೆ. ಇಷ್ಟವಾದ ಭಾಷಣಗಳು ಬೇಕಾದಷ್ಟಿದ್ದವು. ಪತ್ರಕ್ಕೆ ನಾಲ್ಕನ್ನು ಮಾತ್ರ ಆರಿಸಿಕೊಂಡೆ. ಪ್ರತಿಯೊಂದರ ಪಕ್ಕದಲ್ಲಿ ನಮ್ಮದೇ ಒಂದು ಪ್ರಶ್ನೆ ಬರೆದೆ. ಭಾಷಣದ ಹೆಸರಿಗಿಂತ ಪ್ರಶ್ನೆಗೇ ಜಾಸ್ತಿ ಜಾಗ ಕೊಟ್ಟೆ. ಅದರಲ್ಲಿ ಎರಡು ಹೀಗಿದ್ದವು:

"ದೊಡ್ಡ ಡೇಟಾಬೇಸ್ ಒಂದನ್ನು ಲಾಜಿಕಲ್ ರೆಪ್ಲಿಕೇಶನ್‌ನಿಂದ ಸಾಗಿಸಿದವರು ಮಾತಾಡುತ್ತಾರೆ. ಡೇಟಾಬೇಸ್‌ಗೆ ಬರುವ ಟ್ರಾಫಿಕ್ ನಿಲ್ಲಿಸಿ ಮತ್ತೆ ಬಿಡುವ ಮಧ್ಯದ ಹೊತ್ತಿನಲ್ಲಿ ಅವರು ಏನೇನು ಮಾಡಿದರು, ಯಾವ ಕ್ರಮದಲ್ಲಿ ಮಾಡಿದರು ಅಂತ ಕೇಳಬೇಕು. ನಮ್ಮ ಚೆಕ್‌ಲಿಸ್ಟ್ ತೆಗೆದುಕೊಂಡು ಹೋಗಿ ತೋರಿಸುತ್ತೇನೆ."

"ನಮ್ಮ ಅತಿ ದೊಡ್ಡ ಟೇಬಲ್‌ನಲ್ಲಿ ಸುಮಾರು 50 ಕೋಟಿ ಸಾಲುಗಳಿವೆ. ಆಟೋವ್ಯಾಕ್ಯೂಮ್ ಮೂಲ ಸೆಟ್ಟಿಂಗ್ 20 ಶೇಕಡಾ. ಅಂದರೆ 10 ಕೋಟಿ ಸತ್ತ ಸಾಲು ಸೇರುವ ತನಕ ಅದು ಕಸ ಗುಡಿಸಲು ಏಳುವುದೇ ಇಲ್ಲ. ಇಷ್ಟು ದೊಡ್ಡ ಟೇಬಲ್ ಇಟ್ಟುಕೊಂಡವರು ಇದನ್ನು ಎಷ್ಟಕ್ಕೆ ಇಳಿಸಿದ್ದಾರೆ?"

ಅಳಿಸಿದ ಅಥವಾ ಬದಲಾಯಿಸಿದ ಸಾಲಿನ ಹಳೆಯ ಪ್ರತಿ ಟೇಬಲ್‌ನಲ್ಲೇ ಉಳಿಯುತ್ತದೆ, ಅದೇ ಸತ್ತ ಸಾಲು; ಅದನ್ನು ತಾನಾಗೇ ಗುಡಿಸುವುದು ಆಟೋವ್ಯಾಕ್ಯೂಮ್. ಎರಡನೇ ಪ್ರಶ್ನೆ ಮ್ಯಾನೇಜರ್‌ಗೆ ಪೂರ್ತಿ ಅರ್ಥವಾಗಲಿಲ್ಲ. ಆದರೂ 50 ಕೋಟಿ, 10 ಕೋಟಿ ಅನ್ನುವ ಅಂಕಿ ಕಂಡು "ಇದು ನಮ್ಮ ಟೇಬಲ್ಲಾ?" ಅಂತ ಕೇಳಿದರು. ಪತ್ರ ನಮ್ಮ ಮನೆಯ ವಿಷಯ ಮಾತಾಡುತ್ತಿದೆ ಅಂತ ಅವರಿಗೆ ಗೊತ್ತಾದದ್ದು ಅಲ್ಲೇ.

ಕಾನ್ಫರೆನ್ಸ್ ನಡೆಸುವವರಲ್ಲಿ ಕೆಲವರು ಮ್ಯಾನೇಜರ್‌ಗೆ ಕೊಡುವ ಪತ್ರದ ನಮೂನೆಯನ್ನೂ ತಾವೇ ಬರೆದು ಇಟ್ಟಿರುತ್ತಾರೆ. ನಾನೂ ಒಂದನ್ನು ನೋಡಿದೆ. ಖರ್ಚಿನ ಪಟ್ಟಿ ಎಲ್ಲಿ ಬರಬೇಕು, ದಿನಾಂಕ ಎಲ್ಲಿ ಬರಬೇಕು ಅನ್ನುವುದಕ್ಕೆ ಚೆನ್ನಾಗಿದೆ. ಉಳಿದದ್ದನ್ನು ಬಿಟ್ಟೆ. "ಉದ್ಯಮದ ಹೊಸ ಪ್ರವೃತ್ತಿಗಳನ್ನು ತಿಳಿಯುವ ಅವಕಾಶ", "ನೆಟ್‌ವರ್ಕಿಂಗ್" ಅನ್ನುವಂಥ ಮಾತು ಯಾವ ಕಾನ್ಫರೆನ್ಸ್‌ಗೂ ಹೊಂದುತ್ತದೆ. ಯಾವುದಕ್ಕೂ ಹೊಂದುವ ಮಾತನ್ನು ಹಿಡಿದುಕೊಂಡು ಮ್ಯಾನೇಜರ್ ಮೇಲಿನವರ ಹತ್ತಿರ ಹೋಗೋಕಾಗಲ್ಲ.

ಖರ್ಚಿನ ವಿಷಯದಲ್ಲಿ ಒಂದನ್ನೂ ಮುಚ್ಚಿಡಲಿಲ್ಲ. ಟಿಕೆಟ್, ಪ್ರಯಾಣ, ಉಳಿಯುವುದು, ಊಟ, ಟ್ಯಾಕ್ಸಿ, ಎಲ್ಲ ಬರೆದು ಕೂಡಿಸಿದೆ. ಟಿಕೆಟ್‌ಗಿಂತ ಪ್ರಯಾಣ ಮತ್ತು ಹೋಟೆಲ್ಲೇ ಜಾಸ್ತಿ ಆಗುತ್ತದೆ. ಬರೀ ಟಿಕೆಟ್ ದರ ಹೇಳಿ ಒಪ್ಪಿಸಿ, ಆಮೇಲೆ ಉಳಿದ ಬಿಲ್ ಕೊಟ್ಟರೆ ಆ ವರ್ಷ ಹೇಗೋ ದಾಟುತ್ತದೆ, ಮುಂದಿನ ವರ್ಷ ನಂಬುವವರು ಇರುವುದಿಲ್ಲ. ಅರ್ಲಿ ಬರ್ಡ್ ದರ (ಮುಂಚೆ ಟಿಕೆಟ್ ಕೊಂಡವರಿಗೆ ಕೊಡುವ ಕಡಿಮೆ ದರ) ಯಾವತ್ತು ಮುಗಿಯುತ್ತದೆ ಅಂತ ಬರೆದು, ಅದಕ್ಕೆ ಮೊದಲು ಎಷ್ಟು, ನಂತರ ಎಷ್ಟು ಅಂತ ಎರಡು ಮೊತ್ತ ಪಕ್ಕಪಕ್ಕ ಇಟ್ಟೆ. "ನೋಡೋಣ" ಅನ್ನುವ ಉತ್ತರಕ್ಕೆ ಒಂದು ಕೊನೆಯ ದಿನ ಬಂದದ್ದು ಇದರಿಂದಲೇ.

ಇನ್ನೊಂದು ಚಿಕ್ಕ ಭಾಗ, ಆದರೆ ನನ್ನ ಪ್ರಕಾರ ಪತ್ರದಲ್ಲಿ ಅದೇ ಮುಖ್ಯ: ನಾನಿಲ್ಲದ ದಿನಗಳಲ್ಲಿ ಪೇಜರ್, ಅಂದರೆ ತೊಂದರೆಯಾದಾಗ ಬರುವ ಕರೆ ನೋಡಿಕೊಳ್ಳುವ ಜವಾಬ್ದಾರಿ, ಯಾರ ಹತ್ತಿರ? ಇದನ್ನು ಮ್ಯಾನೇಜರ್‌ಗೆ ಬಿಡಲಿಲ್ಲ. ಪತ್ರ ಬರೆಯುವ ಮೊದಲೇ ಸಹೋದ್ಯೋಗಿ ಒಬ್ಬರ ಹತ್ತಿರ ಮಾತಾಡಿದೆ. ಆ ದಿನಗಳನ್ನು ಅವರು ನೋಡಿಕೊಳ್ಳುತ್ತಾರೆ, ಅವರು ರಜೆ ಹಾಕುವ ವಾರ ನಾನು ನೋಡಿಕೊಳ್ಳುತ್ತೇನೆ. ಹೊರಡುವ ಹಿಂದಿನ ವಾರ ಇಬ್ಬರೂ ಕೂತು ಬ್ಯಾಕಪ್‌ನಿಂದ ಒಂದು ಡೇಟಾಬೇಸ್ ಮರಳಿ ಎಬ್ಬಿಸುವುದನ್ನು ಅಭ್ಯಾಸ ಮಾಡುತ್ತೇವೆ ಅಂತಲೂ ಬರೆದೆ, ಹಾಗೇ ಮಾಡಿದೆವು.

ಭಾಷಣಕ್ಕೆ ಒಂದು ಪ್ರಸ್ತಾವ ಕೂಡ ಕಳಿಸಿದ್ದೆ. ಎಷ್ಟೋ ಕಾನ್ಫರೆನ್ಸ್‌ಗಳಲ್ಲಿ ಮಾತಾಡುವವರಿಗೆ ಟಿಕೆಟ್ ಉಚಿತ. ನನ್ನದು ಆಯ್ಕೆಯಾಗಲಿಲ್ಲ. ಅದನ್ನೂ ಮ್ಯಾನೇಜರ್‌ಗೆ ಹೇಳಿದೆ.

ಅವರ ಕಡೆಯಿಂದ ಬಂದ ಪ್ರಶ್ನೆ ಒಂದೇ. "ವಿಡಿಯೋ ಎಲ್ಲ ಯೂಟ್ಯೂಬ್‌ನಲ್ಲಿ ಬರುತ್ತಲ್ವಾ?" ಸರಿಯಾದ ಪ್ರಶ್ನೆ. ಬರುತ್ತದೆ, ನಾನೂ ಬೇಕಾದಷ್ಟು ನೋಡಿದ್ದೇನೆ. "ಬರುತ್ತೆ" ಅಂದೆ. "ಆದರೆ ನಮ್ಮ ಚೆಕ್‌ಲಿಸ್ಟನ್ನ ವಿಡಿಯೋಗೆ ತೋರಿಸೋಕಾಗಲ್ಲ. ಭಾಷಣ ಮುಗಿದ ಮೇಲೆ ಹತ್ತು ನಿಮಿಷ ಆ ಮನುಷ್ಯ ಬಾಗಿಲ ಹತ್ರ ನಿಂತಿರ್ತಾನೆ. ನಂಗೆ ಬೇಕಿರೋದು ಆ ಹತ್ತು ನಿಮಿಷ."

ನಿನ್ನ ರಜೆ ಹಾಕಿಕೊಂಡು ಹೋಗ್ತೀನಿ ಅನ್ನು, ಅರ್ಧ ಖರ್ಚು ಕೊಡ್ತೀನಿ ಅನ್ನು, ಬೇಗ ಒಪ್ತಾರೆ ಅಂತ ಸ್ನೇಹಿತರೊಬ್ಬರು ಸಲಹೆ ಕೊಟ್ಟಿದ್ದರು. ನಾನು ಹಾಗೆ ಹೇಳಲಿಲ್ಲ. ಹೋಗುತ್ತಿರುವುದು ಕೆಲಸಕ್ಕೆ. ಇವತ್ತು ನಾನು ರಜೆ ಹಾಕಿ ಹೋದರೆ ನಾಳೆ ಟೀಮಿನ ಇನ್ನೊಬ್ಬರಿಗೂ "ರಜೆ ಹಾಕಿ ಹೋಗಿ" ಅನ್ನುತ್ತಾರೆ. ಅದರ ಬದಲು ವಾಪಸ್ ಬಂದ ಒಂದು ವಾರದೊಳಗೆ ಟೀಮಿಗೆ ಒಂದು ಗಂಟೆಯ ಪಾಠ, ನಾಲ್ಕು ಪ್ರಶ್ನೆಗೂ ಬರಹದಲ್ಲಿ ಉತ್ತರ, ಇಷ್ಟು ಕೊಡುತ್ತೇನೆ ಅಂತ ಬರೆದೆ.

ಪತ್ರ ಒಂದು ಪುಟ ಮೀರಲಿಲ್ಲ. ಮ್ಯಾನೇಜರ್ ಒಂದು ಪದವನ್ನೂ ಬದಲಾಯಿಸದೆ, ಮೇಲೆ "ಅಪ್‌ಗ್ರೇಡ್ ಕೆಲಸಕ್ಕೆ ಇದು ಬೇಕು, ನನ್ನ ಒಪ್ಪಿಗೆ ಇದೆ" ಅಂತ ಒಂದು ಸಾಲು ಸೇರಿಸಿ ಮುಂದೆ ಕಳಿಸಿದರು. ನಾಲ್ಕನೇ ದಿನ ಒಪ್ಪಿಗೆ ಬಂತು.

ಇನ್ನು ಆ ಹತ್ತು ನಿಮಿಷದ ಕಥೆ. ಎರಡನೇ ದಿನ, ರೆಪ್ಲಿಕೇಶನ್ ಬಗ್ಗೆ ಮಾತಾಡಿದವರು ವೇದಿಕೆ ಇಳಿದು ಬಂದಾಗ ನಮ್ಮ ಚೆಕ್‌ಲಿಸ್ಟ್ ಪ್ರಿಂಟ್ ಅವರ ಕೈಗೆ ಕೊಟ್ಟೆ. ಬೆರಳಿಟ್ಟು ಒಂದೊಂದೇ ಸಾಲು ಓದಿದರು. 13ನೇ ಸಾಲಿನ ಹತ್ತಿರ ನಿಂತರು. "ಸೀಕ್ವೆನ್ಸ್‌ಗಳನ್ನ ಏನ್ ಮಾಡ್ತೀರಾ?"

ನನ್ನ ಕೈ ತಣ್ಣಗಾಯಿತು. ಲಾಜಿಕಲ್ ರೆಪ್ಲಿಕೇಶನ್ ಟೇಬಲ್‌ನ ಸಾಲುಗಳನ್ನು ಸಾಗಿಸುತ್ತದೆ. ಮುಂದಿನ ನಂಬರ್ ಎಷ್ಟು ಅಂತ ಲೆಕ್ಕ ಇಡುವ ಸೀಕ್ವೆನ್ಸ್‌ನ ಬೆಲೆಯನ್ನು ಸಾಗಿಸುವುದಿಲ್ಲ. ಹಳೆಯದು ಕೋಟಿಗಳಲ್ಲಿ ಇದ್ದರೂ ಹೊಸ ಕಡೆ ಅದು 1ರಲ್ಲೇ ಕೂತಿರುತ್ತದೆ. ಟ್ರಾಫಿಕ್ ಬಿಟ್ಟ ಕೂಡಲೇ ಮೊದಲ ಹೊಸ ಸಾಲಿಗೆ 1 ಕೊಡಲು ಹೋಗುತ್ತದೆ, ಆ ನಂಬರ್ ಆಗಲೇ ಇರುವುದರಿಂದ ಎರರ್ ಬರುತ್ತದೆ. ಕೈಪಿಡಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿಯೂ ಇದ್ದೆ. ನಮ್ಮ ಪಟ್ಟಿಗೆ ಮಾತ್ರ ಬಂದಿರಲಿಲ್ಲ.

ಅವರು ಅಲ್ಲೇ ನಿಂತು ಲ್ಯಾಪ್‌ಟಾಪ್ ತೆರೆದರು. ಹಳೆಯ ಕಡೆಯ ಪ್ರತಿ ಸೀಕ್ವೆನ್ಸ್‌ನ ಕೊನೆಯ ನಂಬರ್ ಓದಿ, ಸ್ವಲ್ಪ ಮುಂದಕ್ಕೆ ಸೇರಿಸಿ ಹೊಸ ಕಡೆ ಇಡುವ ಚಿಕ್ಕ ಸ್ಕ್ರಿಪ್ಟ್ ತೋರಿಸಿದರು. ಅದನ್ನು ಬರೆದುಕೊಂಡು, ಅಂದು ಸಂಜೆಯೇ ಮ್ಯಾನೇಜರ್‌ಗೆ ಎರಡು ಸಾಲು ಕಳಿಸಿದೆ: ನಮ್ಮ ಪಟ್ಟಿಯಲ್ಲಿ ಏನು ಬಿಟ್ಟುಹೋಗಿತ್ತು, ಬಿಟ್ಟಿದ್ದರೆ ಆ ರಾತ್ರಿ ಏನಾಗುತ್ತಿತ್ತು.

ಅಕ್ಟೋಬರ್‌ನಲ್ಲಿ ಅಪ್‌ಗ್ರೇಡ್ ಮಾಡಿದೆವು. ಸೀಕ್ವೆನ್ಸ್ ನಮ್ಮ ಪಟ್ಟಿಯ 14ನೇ ಸಾಲಾಗಿತ್ತು. ಟ್ರಾಫಿಕ್ ಬಿಟ್ಟಾಗ ಮೊದಲ ಹೊಸ ಸಾಲು ಸರಿಯಾದ ನಂಬರ್ ಹೊತ್ತುಕೊಂಡು ಬಂತು. ಮ್ಯಾನೇಜರ್ ನನ್ನ ಪಕ್ಕದಲ್ಲೇ ಕೂತು ನೋಡುತ್ತಿದ್ದರು.

ಈಗ ಟೀಮಿನ ಇನ್ನೊಬ್ಬರು ಹೋಗಬೇಕು ಅಂದಿದ್ದಾರೆ. ಅವರು ನೋಡಿಕೊಳ್ಳುವುದು ಬ್ಯಾಕಪ್. ನನ್ನ ಹಳೆಯ ಪತ್ರ ಕೇಳಿದರು, ಕೊಟ್ಟೆ. ಆದರೆ ನಾಲ್ಕೂ ಪ್ರಶ್ನೆಗಳನ್ನು ಅಳಿಸಿ ಕೊಟ್ಟೆ. ನಿನ್ನೆಯ ತನಕ ಅವರು ತಮ್ಮದೇ ಎರಡು ಬರೆದಿದ್ದರು, ಎರಡೂ ಚೆನ್ನಾಗಿವೆ. ಅರ್ಲಿ ಬರ್ಡ್ ಮುಗಿಯಲು ಇನ್ನೂ 9 ದಿನ ಇದೆ.