ಹಬ್ ಮೇಲೆ ಕೈ ಇಟ್ಟು ನೋಡಿ: ಅರಿಝೋನಾ ಮರುಭೂಮಿಯಲ್ಲಿ ನಮ್ಮ ಟ್ರೇಲರ್

ಹೀಲಾ ಬೆಂಡ್ ದಾಟಿ ಇಪ್ಪತ್ತು ಮೈಲಿ ಆಗಿತ್ತು. ಮಗಳಿಗೆ ಅವಸರ ಅಂತ, ರಸ್ತೆ ಪಕ್ಕ ಜಲ್ಲಿ ಹಾಸಿದ ಅಗಲ ಜಾಗ ನೋಡಿ ಗಾಡಿ ನಿಲ್ಲಿಸಿದೆ. ಅವಳು ಅಮ್ಮನ ಜೊತೆ ಟ್ರೇಲರ್ ಒಳಗೆ ಹೋದಳು. ನಾನು ಚಕ್ರ ನೋಡಲು ಹೋದೆ. ಎಡಗಡೆ ಹಬ್, ಅಂದರೆ ಚಕ್ರದ ನಡುಭಾಗ, ಮುಟ್ಟಿದೆ, ಬೆಚ್ಚಗಿತ್ತು ಅಷ್ಟೆ. ಬಲಗಡೆಗೆ ಬಂದರೆ ಮುಟ್ಟುವ ಮೊದಲೇ ಸುಟ್ಟ ಗ್ರೀಸಿನ ವಾಸನೆ. ಬೆರಳು ತಾಗಿಸಿದವನು ಚುರ್ ಅಂದಿದ್ದಕ್ಕೆ ಥಟ್ಟನೆ ಹಿಂದಕ್ಕೆ ಎಳೆದುಕೊಂಡೆ.

ಹಬ್ ಒಳಗೆ ಚಕ್ರ ಸಲೀಸಾಗಿ ತಿರುಗುವಂತೆ ಮಾಡುವ ಬೇರಿಂಗ್ ಹೋಗಿದೆ ಅಂತ ಆಗಲೇ ಗೊತ್ತಾಯಿತು.

ನಾವು ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಇರುವುದು. ಹದಿನೇಳು ಅಡಿಯ ಹಳೇ ಕ್ಯಾಂಪರ್ ಟ್ರೇಲರ್ ಒಂದಿದೆ. ಒಂದೇ ಆಕ್ಸಲ್, ಎರಡೇ ಚಕ್ರ. ಚಳಿಗಾಲ ಬಂದರೆ ಪಿಕಪ್ ಟ್ರಕ್‌ಗೆ ಅದನ್ನು ಕಟ್ಟಿಕೊಂಡು ಹೊರಡುತ್ತೇವೆ. ಬೇಸಿಗೆಯಲ್ಲಿ ಈ ಕಡೆ ಮರುಭೂಮಿಗೆ ಹೋಗುವ ಮಾತೇ ಇಲ್ಲ. 43, 45 ಡಿಗ್ರಿ ಸೆಲ್ಸಿಯಸ್ ಬಿಸಿಲಲ್ಲಿ ಗಾಡಿ ಕೆಟ್ಟು ನಿಂತರೆ ಅದು ರಿಪೇರಿ ವಿಷಯ ಅಲ್ಲ, ಜೀವದ ವಿಷಯ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ನಮ್ಮ ಓಡಾಟ.

ಆ ಸಲ ಹೊರಟಿದ್ದು ಆರ್ಗನ್ ಪೈಪ್ ಕಡೆಗೆ. ಮೆಕ್ಸಿಕೋ ಗಡಿಗೆ ಅಂಟಿಕೊಂಡ ರಕ್ಷಿತ ಪ್ರದೇಶ ಅದು. ಬುಡದಿಂದಲೇ ಹತ್ತಾರು ಕೊಂಬೆ ಎದ್ದು ನಿಲ್ಲುವ ಕಳ್ಳಿ ಅಲ್ಲಿಯದು. ಚಾಂಡ್ಲರ್‌ನಿಂದ ಮರಿಕೋಪಾ ಊರಿನ ಮೇಲೆ 238ನೇ ರಸ್ತೆ ಹಿಡಿದರೆ ಹೀಲಾ ಬೆಂಡ್. ಅಲ್ಲಿಂದ 85ರಲ್ಲಿ ದಕ್ಷಿಣಕ್ಕೆ ಸುಮಾರು 42 ಮೈಲಿ ಹೋದರೆ ಆಹೋ. ಬರೆಯುವುದು ಎ ಜೆ ಓ, ಓದುವುದು ಆಹೋ. ಸ್ಪ್ಯಾನಿಷ್‌ನಲ್ಲಿ ಬೆಳ್ಳುಳ್ಳಿ ಅಂತ ಅರ್ಥ. ಈ 42 ಮೈಲಿ ನಡುವೆ ಅಂಗಡಿ, ಮನೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ರಸ್ತೆ ಬ್ಯಾರಿ ಗೋಲ್ಡ್‌ವಾಟರ್ ರೇಂಜ್ ಒಳಗೆ ಹಾದು ಹೋಗುತ್ತದೆ. ಯುದ್ಧವಿಮಾನದವರು ಬಾಂಬ್ ಹಾಕಿ ಅಭ್ಯಾಸ ಮಾಡುವ ಜಾಗ ಅದು. ರಸ್ತೆ ಬಿಟ್ಟು ಒಳಗೆ ಕಾಲಿಡಬೇಡಿ ಅಂತ ಬೋರ್ಡ್ ಇರುತ್ತದೆ. ನಾವು ನಿಂತಿದ್ದು ಅಲ್ಲೇ.

ಹಬ್ ಮುಟ್ಟುವ ಅಭ್ಯಾಸ ಬಂದಿದ್ದು ನನ್ನ ಸೋದರಮಾವನಿಂದ. ರಾಣೆಬೆನ್ನೂರಿನಲ್ಲಿ ಅವರು ಲಾರಿ ಓಡಿಸುತ್ತಿದ್ದರು. ರಜೆಯಲ್ಲಿ ಒಂದೆರಡು ಸಲ ಹುಬ್ಬಳ್ಳಿವರೆಗೆ ಕ್ಯಾಬಿನ್‌ನಲ್ಲಿ ಕೂತು ಹೋಗಿದ್ದೇನೆ. ಚಹಾಕ್ಕೆ ನಿಲ್ಲಿಸಿದಾಗ ಕ್ಲೀನರ್ ರಾಡ್ ಹಿಡಿದು ಒಂದೊಂದೇ ಟೈರ್‌ಗೆ ಬಡಿಯುತ್ತಾ ಬರುತ್ತಿದ್ದ. ಗಾಳಿ ಇಳಿದ ಟೈರ್ ಶಬ್ದವೇ ಬೇರೆ. ಮಾವ ಅವನ ಹಿಂದೆಯೇ ಬಂದು ಹಬ್ ಮೇಲೆ ಅಂಗೈ ಇಡುತ್ತಿದ್ದರು. "ಕೈ ಇಡಾಕ ಬರಬೇಕ್ ನೋಡಳಿಯಾ. ಬರ್ಲಿಲ್ಲಂದ್ರ ಮುಂದ ಹೋಗಬಾರ್ದು" ಅನ್ನುತ್ತಿದ್ದರು. ಅಮೆರಿಕದ ಟ್ರೇಲರ್‌ಗೂ ಇದೇ ಮಾತು ಸಾಕು. ಟ್ರಕ್ ಕೆಟ್ಟರೆ ಮುಂದೆ ದೀಪ ಹತ್ತಿ ಹೇಳುತ್ತದೆ. ಟ್ರೇಲರ್‌ಗೆ ಅಂಥ ದೀಪ ಇಲ್ಲ. ಹಿಂದೆ ಏನಾಗುತ್ತಿದೆ ಅಂತ ಸ್ಟೀರಿಂಗ್ ಹಿಡಿದವನಿಗೆ ತಿಳಿಯುವುದೇ ಇಲ್ಲ. ಆವತ್ತು ಹೀಲಾ ಬೆಂಡ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ನಾನು ಮುಟ್ಟಿ ನೋಡಿರಲಿಲ್ಲ. ಮುಟ್ಟಿದ್ದರೆ ಊರೊಳಗೇ ಗೊತ್ತಾಗುತ್ತಿತ್ತು.

ಮೊದಲು ಫೋನ್ ಮಾಡಿದೆ. ಒಂದೇ ಗೆರೆ ಸಿಗ್ನಲ್, ಮೂರನೇ ಸಲಕ್ಕೆ ಲೈನ್ ಸಿಕ್ಕಿತು. ವರ್ಷ ವರ್ಷ ದುಡ್ಡು ಕಟ್ಟಿದ್ದ ಟೋಯಿಂಗ್ ಸೇವೆಯವರು, ನಿಮ್ಮ ಪ್ಲಾನ್‌ನಲ್ಲಿ ಟ್ರಕ್ ಮಾತ್ರ ಬರುತ್ತದೆ, ಟ್ರೇಲರ್ ಬರುವುದಿಲ್ಲ ಅಂದರು. ಬೇಕಾದರೆ ಪೂರ್ತಿ ದುಡ್ಡು ಕೊಟ್ಟು ಕರೆಸಿಕೊಳ್ಳಿ, ನಾಲ್ಕು ಗಂಟೆ ಆಗಬಹುದು ಅಂದರು. ನಿಮ್ಮ ಹತ್ತಿರ ಇಂಥ ಪ್ಲಾನ್ ಇದ್ದರೆ ಇವತ್ತೇ ತೆಗೆದು ಓದಿ. ಟ್ರೇಲರ್ ಅನ್ನುವ ಪದ ಅದರಲ್ಲಿ ಇದೆಯಾ ನೋಡಿ. ಬಹಳ ಪ್ಲಾನ್‌ಗಳಲ್ಲಿ ಅದಕ್ಕೆ ಬೇರೆ ದುಡ್ಡು ಕಟ್ಟಬೇಕು.

ಸರಿ, ನಾನೇ ಮಾಡುತ್ತೇನೆ ಅಂತ ಕೂತೆ. ಡಬ್ಬಿಯಲ್ಲಿ ಬೇರಿಂಗ್ ಇತ್ತು. 3,500 ಪೌಂಡ್ ಹೊರುವ ಆಕ್ಸಲ್‌ಗೆ ಸಾಮಾನ್ಯವಾಗಿ ಹೊರಗಡೆ ಎಲ್44649, ಒಳಗಡೆ ಎಲ್68149 ನಂಬರಿನ ಬೇರಿಂಗ್ ಬರುತ್ತದೆ. ನಿಮ್ಮದು ಯಾವುದು ಅಂತ ಮನೆಯಲ್ಲೇ ಬಿಚ್ಚಿ ನೋಡಿ ಬರೆದಿಟ್ಟುಕೊಳ್ಳಿ. ಈ ನಂಬರ್ ಗೊತ್ತಿದ್ದರೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲೂ ಸಿಗುತ್ತದೆ. ಗೊತ್ತಿಲ್ಲದಿದ್ದರೆ ದೊಡ್ಡ ಅಂಗಡಿಯಲ್ಲೂ ಪರದಾಟವೇ.

ಟ್ರೇಲರನ್ನು ಟ್ರಕ್‌ನಿಂದ ಬಿಚ್ಚಲಿಲ್ಲ, ಬಿಚ್ಚಲೂ ಬಾರದು. ಟ್ರಕ್ ಹ್ಯಾಂಡ್‌ಬ್ರೇಕ್ ಎಳೆದು, ಎಡ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಕೊಟ್ಟೆ. ಹಿಂದೆ ದೂರದೂರಕ್ಕೆ ಮೂರು ಕೆಂಪು ತ್ರಿಕೋನ ಇಟ್ಟು ಬಂದೆ. ಜಾಕಿ ಕೆಳಗೆ ಒಂದು ಹಲಗೆ ಹಾಕಿದೆ. ಮರಳು ನೆಲದಲ್ಲಿ ಹಲಗೆ ಇಲ್ಲದಿದ್ದರೆ ಟ್ರೇಲರ್ ಏಳುವುದಿಲ್ಲ, ಜಾಕಿಯೇ ಹೂತುಹೋಗುತ್ತದೆ. ಜಾಕಿ ಕೊಡಬೇಕಾದ್ದು ಚಕ್ರದ ಹಿಂದಿನ ಫ್ರೇಮಿಗೆ, ಆಕ್ಸಲ್ ಪೈಪಿಗಲ್ಲ. ಪೈಪ್ ಬಗ್ಗಿದರೆ ಆಮೇಲೆ ಟೈರ್ ಒಂದೇ ಕಡೆ ಸವೆಯುತ್ತದೆ.

ಹಬ್ ಆರುವವರೆಗೆ ಕಾಯಬೇಕಿತ್ತು. ಬಿಸಿ ಹಬ್ ಮೇಲೆ ನೀರು ಸುರಿಯಬಾರದು. ನಲವತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಹೆಂಡತಿ ಟ್ರೇಲರ್ ಒಳಗೆ ಚಿತ್ರಾನ್ನ ಬಿಸಿ ಮಾಡಿದಳು. ನಾವು ತಿನ್ನುತ್ತಿದ್ದಾಗ ಎರಡು ಯುದ್ಧವಿಮಾನ ತಲೆ ಮೇಲೆಯೇ ಹೋದವು. ಮಗಳು ಕಿವಿ ಮುಚ್ಚಿಕೊಂಡು ಕುಣಿದಳು.

ಧೂಳಿನ ಮುಚ್ಚಳ ತೆಗೆದು, ನಟ್ಟು ತಿರುಗದಂತೆ ಹಿಡಿಯುವ ಕಾಟರ್ ಪಿನ್ ಎಳೆದು, ನಟ್ಟಿಗೆ ಪಾನ ಹಾಕಿದೆ. ಅದು ಬಿಗಿಯಾಗಿ ಕೂತಿತ್ತು. ಬರೀ ಬೆರಳಲ್ಲಿ ತಿರುಗಿಸಿದಷ್ಟೇ ಬಿಗಿ ಇರಬೇಕಾದ ನಟ್ಟು ಅದು. ಹಿಂದಿನ ಶರತ್ಕಾಲದಲ್ಲಿ ಒಬ್ಬರ ಹತ್ತಿರ ಗ್ರೀಸ್ ಮಾಡಿಸಿದ್ದೆ, ಅವರು ಚಕ್ರದ ನಟ್ಟಿನ ಹಾಗೇ ಇದನ್ನೂ ಬಿಗಿದಿದ್ದರು. ಮಾಡಿಸಿ ತಂದವನು ನಾನು ತೆಗೆದು ನೋಡಬೇಕಿತ್ತು. ಹೊರಗಿನ ಬೇರಿಂಗ್ ಕೈಗೆ ಬಂತು. ಬೆಳ್ಳಗೆ ಹೊಳೆಯಬೇಕಾದ ರೋಲರ್‌ಗಳು ನೀಲಿ ತಿರುಗಿದ್ದವು. ಅಂಚಿನಲ್ಲಿ ಇರುವೆ ಕಚ್ಚಿದ ಹಾಗೆ ಸಣ್ಣ ಸಣ್ಣ ಗುಳಿ. ಗ್ರೀಸ್ ಹೋಗಿ ಕಪ್ಪು ಪುಡಿ ಉಳಿದಿತ್ತು. ಆಮೇಲೆ ಒಳಗಿನ ಸ್ಪಿಂಡಲ್, ಅಂದರೆ ಹಬ್ ಕೂತು ತಿರುಗುವ ಆಕ್ಸಲ್ ತುದಿ, ಒರೆಸಿ ಉಗುರು ಎಳೆದು ನೋಡಿದೆ. ಎಲ್ಲೂ ತಡೆಯಲಿಲ್ಲ. ಅಲ್ಲಿ ಗೀರು ಬಿದ್ದಿದ್ದರೆ ಆಟ ಮುಗಿದಿತ್ತು, ಟ್ರೇಲರನ್ನು ಹೇರಿಕೊಂಡೇ ಹೋಗಬೇಕಿತ್ತು.

ಬೇರಿಂಗ್ ಒಂದೇ ಬದಲಿಸಿದರೆ ಆಗುವುದಿಲ್ಲ. ಅದು ಉರುಳುವ ಉಕ್ಕಿನ ಬಳೆ, ರೇಸ್ ಅನ್ನುತ್ತಾರೆ, ಅದನ್ನೂ ಬದಲಿಸಬೇಕು. ಹಳೇ ಗುಳಿಬಿದ್ದ ರೇಸ್ ಮೇಲೆ ಹೊಸ ಬೇರಿಂಗ್ ನಾಲ್ಕು ದಿನವೂ ಬಾಳಲ್ಲ. ಹಳೆಯದನ್ನು ಒಳಗಡೆಯಿಂದ ಉಳಿ ಕೊಟ್ಟು ಸುತ್ತಿಗೆಯಿಂದ ಬಡಿದೆ. ಒಂದು ಪೆಟ್ಟು ಈ ಕಡೆ, ಒಂದು ಆ ಕಡೆ, ಹೀಗೆ ಕುಣಿಸಿ ಕುಣಿಸಿ ತೆಗೆಯಬೇಕು. ಹೊಸದನ್ನು ಕೂರಿಸಲು ಒಂದು ಉಪಾಯ ಇದೆ. ಹಳೇ ರೇಸನ್ನೇ ತಿರುಗಿಸಿ ಹೊಸದರ ಮೇಲೆ ಇಟ್ಟು ಬಡಿಯುವುದು. ಸುತ್ತಿಗೆ ಪೆಟ್ಟು ಹೊಸದಕ್ಕೆ ನೇರ ಬೀಳುವುದಿಲ್ಲ. ಮೊದಮೊದಲು ಟಕ್ ಟಕ್ ಅನ್ನುತ್ತದೆ. ತಳಕ್ಕೆ ಕೂತ ತಕ್ಷಣ ಶಬ್ದ ಬದಲಾಗಿ ಗಟ್ಟಿಯಾಗಿ ಠಣ್ ಅನ್ನುತ್ತದೆ. ಕಿವಿ ಕೊಟ್ಟರೆ ಸ್ಪಷ್ಟವಾಗಿ ತಿಳಿಯುತ್ತದೆ.

ಗ್ರೀಸ್ ಸವರಿದರೆ ಸಾಲದು, ತುಂಬಬೇಕು. ಎಡ ಅಂಗೈಯಲ್ಲಿ ಒಂದು ಉಂಡೆ ಗ್ರೀಸ್ ಇಟ್ಟುಕೊಂಡು, ಬೇರಿಂಗ್‌ನ ಅಗಲ ಬಾಯಿಯನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು. ರೋಲರ್‌ಗಳ ನಡುವಿನಿಂದ ಆ ಕಡೆ ಗ್ರೀಸ್ ಶಾವಿಗೆ ಹಾಗೆ ಹೊರಬಂದರೆ ಅಷ್ಟು ಜಾಗ ತುಂಬಿತು ಅಂತ ಲೆಕ್ಕ. ಹಾಗೇ ಸುತ್ತಲೂ ತುಂಬಬೇಕು. ಒಳಗಿನ ಬೇರಿಂಗ್ ಚೆನ್ನಾಗಿತ್ತು, ಆದರೂ ಬದಲಿಸಿ ಹೊಸ ಸೀಲ್ ಹಾಕಿದೆ. ಬ್ರೇಕ್ ಶೂ ಮೇಲೆ ಸಿಡಿದಿದ್ದ ಗ್ರೀಸನ್ನು ಬ್ರೇಕ್ ಕ್ಲೀನರ್ ಹೊಡೆದು ಒರೆಸಿದೆ. ಕೊನೆಗೆ ನಟ್ಟು. ಹಬ್ ತಿರುಗಿಸುತ್ತಲೇ ಪಾನದಿಂದ ಬಿಗಿ ಮಾಡಿ, ಪೂರ್ತಿ ಸಡಿಲ ಬಿಟ್ಟು, ಮತ್ತೆ ಬರೀ ಬೆರಳಲ್ಲಿ ತಾಗುವಷ್ಟು ತಿರುಗಿಸಿ ಹೊಸ ಕಾಟರ್ ಪಿನ್ ಹಾಕಬೇಕು. ತೂತು ಸರಿ ಹೊಂದದಿದ್ದರೆ ಸ್ವಲ್ಪ ಸಡಿಲ ಮಾಡಬೇಕು, ಬಿಗಿ ಮಾಡಬಾರದು.

ಎರಡೂವರೆ ಗಂಟೆ ಹಿಡಿಯಿತು. ಐವತ್ತು ಮೈಲಿ ವೇಗದಲ್ಲಿ ಹೊರಟು, ಹತ್ತು ಮೈಲಿಗೆ ನಿಲ್ಲಿಸಿ ಹಬ್ ಮುಟ್ಟಿ, ಚಕ್ರದ ನಟ್ಟುಗಳನ್ನು ಟಾರ್ಕ್ ಪಾನದಿಂದ ಮತ್ತೆ ನೋಡಿದೆ. ಒಂದು ನಟ್ಟು ಕಾಲು ಸುತ್ತು ತಿರುಗಿತು. ಆಹೋದಲ್ಲಿ ಮತ್ತೆ ನೋಡಿದೆ. ಅಂಗೈ ಇಟ್ಟೆ. ಹತ್ತು ಎಣಿಸುವವರೆಗೂ ಇಟ್ಟುಕೊಂಡೇ ಇದ್ದೆ. ಕಣ್ಣು ತುಂಬಿ ಬಂತು.

ಟೈರ್ ಬಗ್ಗೆಯೂ ಹೇಳಬೇಕು, ಏಕೆಂದರೆ ಅದಕ್ಕೂ ಎರಡು ವರ್ಷ ಮೊದಲು ಟೋನೊಪಾ ಹತ್ತಿರ ಐ-10 ಹೆದ್ದಾರಿಯಲ್ಲಿ ಒಂದು ಟೈರ್ ಸಿಡಿದಿತ್ತು. ನೆಲಕ್ಕೆ ತಾಗುವ ಗೀರು ಗೀರು ಪಟ್ಟಿ ಹೊಸದರ ಹಾಗೇ ಇತ್ತು. ಆದರೆ ಪಕ್ಕದ ಗೋಡೆಯ ಮೇಲಿನ ಡಾಟ್ ನಂಬರಿನ ಕೊನೆಯ ನಾಲ್ಕು ಅಂಕಿ 2311. ಅಂದರೆ 2011ರ 23ನೇ ವಾರದ ಟೈರ್. ಟ್ರೇಲರ್ ಟೈರ್ ಸವೆದು ಹೋಗುವುದು ಕಡಿಮೆ, ಬಿಸಿಲಿಗೆ ಒಣಗಿ ಸಾಯುವುದೇ ಜಾಸ್ತಿ. ಐದಾರು ವರ್ಷಕ್ಕೆ ಬದಲಿಸಿಬಿಡಿ. ಸ್ಟೆಪ್ನಿಯ ವಯಸ್ಸನ್ನೂ ನೋಡಿ. ಗಾಳಿ ಬೆಳಿಗ್ಗೆ ತಂಪಿನಲ್ಲೇ ಹಾಕಿ. ಮಧ್ಯಾಹ್ನ ಜಾಸ್ತಿ ತೋರಿಸುತ್ತದೆ ಅಂತ ಗಾಳಿ ಇಳಿಸಬೇಡಿ. ಬೇರೆ ವೇಗದ ಗುರುತು ಇಲ್ಲದ, ಟ್ರೇಲರಿಗೆಂದೇ ಮಾಡಿದ ಎಸ್‌ಟಿ ಟೈರ್‌ಗೆ ಗಂಟೆಗೆ 65 ಮೈಲಿಯೇ ಮಿತಿ. ಐ-10ರಲ್ಲಿ 75ರ ಬೋರ್ಡ್ ಇದ್ದರೂ ನಾನು 62 ದಾಟಲ್ಲ. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ.

ಇನ್ನೊಂದು ವಿಷಯ ನಮ್ಮವರಿಗೆ. 85ರಲ್ಲಿ ವಾಪಸ್ ಬರುವಾಗ ಬಾರ್ಡರ್ ಪಟ್ರೋಲ್, ಅಂದರೆ ಗಡಿ ಕಾವಲಿನವರ, ಚೆಕ್‌ಪೋಸ್ಟ್ ಸಿಗಬಹುದು. ಗ್ರೀನ್ ಕಾರ್ಡ್ ಇದ್ದರೆ ಅದು ಮೈಮೇಲೇ ಇರಬೇಕು, ಅದು ಕಾನೂನು. ವೀಸಾದಲ್ಲಿ ಇರುವವರು ಪಾಸ್‌ಪೋರ್ಟ್, ದೇಶದೊಳಗೆ ಬಂದ ದಾಖಲೆಯಾದ ಐ-94 ಮನೆಯಲ್ಲಿ ಬಿಟ್ಟು ಬರಬೇಡಿ. ಹಾಗೇ ಉತ್ತರಕ್ಕೆ ನವಾಹೋ ಸೀಮೆಗೆ ಹೋಗುವವರು ಬೇಸಿಗೆ ತಿಂಗಳಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಅಂತ ನೆನಪಿಟ್ಟುಕೊಳ್ಳಿ. ಅರಿಝೋನಾದ ಉಳಿದ ಕಡೆ ಸಮಯ ಬದಲಾಗುವುದಿಲ್ಲ, ಅಲ್ಲಿ ಬದಲಾಗುತ್ತದೆ. ಐದಕ್ಕೆ ಮುಚ್ಚುವ ಟೈರ್ ಅಂಗಡಿಗೆ ನಿಮ್ಮ ಲೆಕ್ಕದ ನಾಲ್ಕೂವರೆಗೆ ಹೋದರೆ ಬಾಗಿಲು ಹಾಕಿರುತ್ತದೆ.

ಈಗ ನಾನು ಬಿಡಿ ಬೇರಿಂಗ್ ಒಯ್ಯುವುದಿಲ್ಲ. ರೇಸ್, ಬೇರಿಂಗ್, ಸೀಲ್ ಎಲ್ಲ ಹಾಕಿ ಗ್ರೀಸ್ ತುಂಬಿದ ಇಡೀ ಹಬ್ಬನ್ನೇ ಡ್ರಮ್ ಸಮೇತ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಹಾಸಿಗೆ ಕೆಳಗೆ ಇಟ್ಟಿದ್ದೇನೆ. ಸ್ವಲ್ಪ ಭಾರ, ಆದರೆ ರಸ್ತೆ ಬದಿ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಪಕ್ಕದಲ್ಲೇ ತಲಾ ದಿನಕ್ಕೆ ಒಂದು ಗ್ಯಾಲನ್ ಲೆಕ್ಕದಲ್ಲಿ ಮೂರು ದಿನದ ನೀರು. ಟ್ಯಾಂಕಿನ ನೀರು ಬೇರೆ, ಇದು ಬೇರೆ, ಇದನ್ನು ಮುಟ್ಟುವ ಹಾಗಿಲ್ಲ. ಒಂದು ಇನ್‌ಫ್ರಾರೆಡ್ ಥರ್ಮಾಮೀಟರನ್ನೂ ಕೊಂಡೆ, ಫ್ಯಾರನ್‌ಹೀಟ್‌ನಲ್ಲಿ ತೋರಿಸುತ್ತದೆ. ಎಷ್ಟು ಬಿಸಿ ಅನ್ನುವುದಕ್ಕಿಂತ ಎರಡೂ ಕಡೆ ಒಂದೇ ಥರ ಇದೆಯಾ ಅನ್ನುವುದು ಮುಖ್ಯ.

ಅದು ಈಗ ಮಗಳ ಕೆಲಸ. ಗಾಡಿ ನಿಂತ ತಕ್ಷಣ ಇಳಿದು ಓಡುತ್ತಾಳೆ. ಹೋದ ತಿಂಗಳು ಹೀಲಾ ಬೆಂಡ್‌ನಲ್ಲಿ ಪೆಟ್ರೋಲ್ ಹಾಕಿಸುತ್ತಿದ್ದಾಗ ಟ್ರೇಲರ್ ಹಿಂದಿನಿಂದ ಕೂಗಿದಳು: "ಅಪ್ಪಾ, ಎಡ 98, ಬಲ 101!" ನಾನೂ ಹೋಗಿ ಎರಡರ ಮೇಲೂ ಕೈ ಇಟ್ಟು ಬಂದೆ. ಆಮೇಲೆ 85 ಹಿಡಿದೆವು.